ಸುಂದರಬನದ ಒಡ್ಡು ಮೊದಲು ಸೋಲುವುದು ಬುಡದಲ್ಲಿ

2009ರಲ್ಲಿ ಐಲಾ, 2020ರಲ್ಲಿ ಅಂಫಾನ್, 2021ರಲ್ಲಿ ಯಾಸ್. ಚಂಡಮಾರುತ ಬಂದಾಗಲೆಲ್ಲ, ಭಾರತ-ಬಾಂಗ್ಲಾದೇಶಗಳಲ್ಲಿ ಹರಡಿರುವ ಸುಂದರಬನದಲ್ಲಿ ಉಬ್ಬರದ ನೀರು ತಡೆಯುವ ಒಡ್ಡು ಒಡೆದ ಸುದ್ದಿ ಬರುತ್ತದೆ. ಗಾಳಿಯ ಮೇಲೆ ತಪ್ಪು ಹಾಕಿ ಸುಮ್ಮನಾಗುತ್ತೇವೆ. ಆದರೆ ಒಡ್ಡು ಸೋಲತೊಡಗಿ ಬಹಳ ಕಾಲವಾಗಿದೆ.

18ನೇ ಶತಮಾನದ ಕೊನೆಯಿಂದ ಕಂದಾಯಕ್ಕಾಗಿ ಇಲ್ಲಿನ ಕಾಡು ಗುತ್ತಿಗೆಗೆ ಹೋಯಿತು. ಕಾಂಡ್ಲಾ (ಮ್ಯಾಂಗ್ರೋವ್) ಕಡಿದು, ಮಣ್ಣಿನ ಒಡ್ಡು ಹಾಕಿ, ಭತ್ತ ಬೆಳೆದರು. ಜಮೀನ್ದಾರಿ ಹೋದ ಮೇಲೆ ಒಡ್ಡಿನ ಹೊಣೆ ಸರ್ಕಾರಕ್ಕೆ ಬಂತು. ಭಾರತದ ಕಡೆಯಲ್ಲೇ ಅದರ ಉದ್ದ ಸುಮಾರು 3,500 ಕಿ.ಮೀ.

ಆದರೆ ನದಿ ಇನ್ನೂ ನೆಲ ಕಟ್ಟುತ್ತಲೇ ಇತ್ತು. ದಿನಕ್ಕೆರಡು ಸಲ ಉಬ್ಬರ ಹೂಳು ತಂದು ಹಾಕುತ್ತಿತ್ತು. ಆ ಕೆಲಸ ಮುಗಿಯುವ ಮೊದಲೇ ಒಡ್ಡು ಬಂತು. ಒಳಗಿನ ನೆಲ ತಗ್ಗಾಯಿತು, ಹೂಳು ನದಿಯಲ್ಲೇ ಕೂತಿತು. ಬಾಂಗ್ಲಾದೇಶದಲ್ಲಿ 1960ರ ದಶಕದಲ್ಲಿ ಒಡ್ಡು ಕಟ್ಟಿದ ಒಂದು ದ್ವೀಪದ ನೆಲ ಪಕ್ಕದ ಕಾಡಿಗಿಂತ 1ರಿಂದ 1.5 ಮೀಟರ್ ತಗ್ಗಿದೆ. ಅಂಥ ಕಡೆ ಒಡ್ಡು ಒಡೆದರೆ ನೀರು ಬಟ್ಟಲಿಗೆ ಸುರಿದ ಹಾಗೆ ತುಂಬುತ್ತದೆ, ಸುಲಭವಾಗಿ ವಾಪಸ್ ಹೋಗುವುದಿಲ್ಲ.

ಒಡೆಯುವ ಬಗೆಯೂ ನಾವು ಅಂದುಕೊಂಡ ಹಾಗಲ್ಲ. ಎಷ್ಟೋ ಕಡೆ ನೀರು ಮೇಲೆ ಹಾರುವ ಮೊದಲೇ ಬುಡ ಹೋಗಿರುತ್ತದೆ. ತಿರುವಿನ ಹೊರದಂಡೆಯಲ್ಲಿ ಸೆಳೆತ ಜಾಸ್ತಿ. ಮೇಲೆ ಜೇಡಿ, ಕೆಳಗೆ ನುಣ್ಣನೆ ಮರಳು ಇದ್ದರೆ ಮರಳು ಮೊದಲು ಕೊಚ್ಚಿಹೋಗುತ್ತದೆ. ಇಳಿತದಲ್ಲಿ ನದಿ ಬೇಗ ಇಳಿಯುತ್ತದೆ, ಒಡ್ಡು ಕುಡಿದ ನೀರು ಅಷ್ಟು ಬೇಗ ಹೊರಬರುವುದಿಲ್ಲ. ಆಗ ಆಸರೆ ತಪ್ಪಿದ ಒದ್ದೆ ಮಣ್ಣು ಹೋಳುಹೋಳಾಗಿ ಜಾರುತ್ತದೆ. ಎಲೆ ಅಲುಗದ ದಿನವೂ ಹೀಗಾಗಬಹುದು. ಏಡಿಯ ಬಿಲ, ಸಿಗಡಿ ಹೊಂಡಕ್ಕೆ ಉಪ್ಪುನೀರು ಬಿಡಲು ತೂರಿಸಿದ ಪೈಪು, ಒಡ್ಡಿನ ಪಕ್ಕದಲ್ಲೇ ಮಣ್ಣು ಅಗೆದ ಗುಂಡಿ ಕೂಡ ಅದನ್ನು ಸಡಿಲ ಮಾಡುತ್ತವೆ.

ಐಲಾಕ್ಕೆ ಸುಮಾರು 778 ಕಿ.ಮೀ. ಒಡ್ಡು ಹಾಳಾಯಿತು. ಮತ್ತೆ ಕಟ್ಟಲು ₹5,032 ಕೋಟಿಯ ಯೋಜನೆ ಬಂತು. ಎತ್ತರದ ಒಡ್ಡಿಗೆ ಅಗಲದ ಬುಡ ಬೇಕು, ಬುಡಕ್ಕೆ ಜಮೀನು ಬೇಕು. ಜಮೀನು ಸಿಗದೆ ಬಹಳಷ್ಟು ಕೆಲಸ ನಿಂತಿತು. ದಂಡೆ ಕುಸಿದಲ್ಲಿ ಇನ್ನೊಂದು ಒಡ್ಡನ್ನು ಒಳಗೆ ಸರಿಸಿ ಕಟ್ಟುತ್ತಾರೆ. ಹೊರಗುಳಿದ ಗದ್ದೆ, ಮನೆ ನದಿ ಪಾಲು. ಎತ್ತರದ ಲೆಕ್ಕ ಹಾಕಿದಷ್ಟು ಶ್ರದ್ಧೆಯಿಂದ ಆ ಮನೆಗಳ ಲೆಕ್ಕವನ್ನೂ ಹಾಕಬೇಕಿತ್ತು, ಅಲ್ವಾ?

ಬಾಂಗ್ಲಾದೇಶದ ಭೈನಾ ಬಿಲ್ ಎಂಬ ತಗ್ಗು ಜೌಗಿನಲ್ಲಿ 1997ರಲ್ಲಿ ಜನರೇ ಒಡ್ಡು ಕಡಿದರು. ಉಬ್ಬರದ ಜೊತೆ ಹೂಳು ಒಳಗೆ ಬಂತು. ತಗ್ಗು ತುಂಬಿತು, ನದಿಯೂ ಆಳವಾಯಿತು. ಆಮೇಲೆ ಸರ್ಕಾರವೂ ಇದೇ ದಾರಿ ಹಿಡಿಯಿತು. ಆದರೆ ಇದಕ್ಕೆ ಗದ್ದೆಯನ್ನು ಕೆಲವು ವರ್ಷ ನೀರಿಗೆ ಬಿಡಬೇಕು. ಆ ವರ್ಷಗಳ ಬೆಳೆಗೆ ಪರಿಹಾರ ಸರಿಯಾಗಿ ಕೈಸೇರದ ಕಡೆ, ರೈತರು ಮುಂದೆ ಒಡ್ಡು ಕಡಿಯಲು ಒಪ್ಪಲಿಲ್ಲ.