ಒಂದಿಂಚು ಕುಯ್ಯಿಸಿದರೆ ಒಂದಿಂಚು ಸಿಗುವುದಿಲ್ಲ

ತೋಟದ ಹಲಸಿನ ಮರ ಕಡಿಸಿ, ಸಾಮಿಲ್‌ನಲ್ಲಿ ಹಲಗೆ ಮಾಡಿಸಿ, ಆಮೇಲೆ ಬಡಗಿಯನ್ನು ಹುಡುಕುವವರೇ ಜಾಸ್ತಿ. ದಯವಿಟ್ಟು ಕುಯ್ಯಿಸುವ ಮುಂಚೆ ಬನ್ನಿ. ದಪ್ಪ ಒಮ್ಮೆ ಕಡಿಮೆಯಾದರೆ ನನ್ನ ಹತ್ತಿರ ಅದಕ್ಕೆ ಮದ್ದಿಲ್ಲ.

ಆಗುವುದು ಇಷ್ಟೇ. ಶೆಲ್ಫ್ ಒಂದಿಂಚು ದಪ್ಪ ಬೇಕು ಅನ್ನುತ್ತಾರೆ. ಹಲಗೆಯನ್ನೂ ಒಂದಿಂಚೇ ಕುಯ್ಯಿಸುತ್ತಾರೆ. ಶೆಲ್ಫ್ ಮಾಡಿ ಕೊಟ್ಟಾಗ ಟೇಪ್ ಹಿಡಿದರೆ 18-19 ಮಿ.ಮೀ. ಅಲ್ಲಿಂದ ಜಗಳ ಶುರು.

ಒಂದಿಂಚು ಅಂದರೆ 25 ಮಿ.ಮೀ. ಸಾಮಿಲ್‌ನಿಂದ ಬಂದ ಹಲಗೆಯ ಮೈ ತುಂಬ ಗರಗಸದ ಗೆರೆ. ಒಣಗುವಾಗ ದಪ್ಪದಲ್ಲೂ ಒಂಚೂರು ಕುಗ್ಗುತ್ತದೆ. ಜೊತೆಗೆ ಬಾಗುತ್ತದೆ, ಕೆಲವು ತಿರುಚಿಕೊಳ್ಳುತ್ತವೆ. ಎಂಟಿಂಚು ಅಗಲದ ಹಲಗೆ ನಡುವೆ 3 ಮಿ.ಮೀ. ಬಾಗಿದೆ ಅಂದುಕೊಳ್ಳಿ. ಒಂದು ಮೈ ಸಪಾಟು ಮಾಡಲು 3 ಹೋಯಿತು. ಅದಕ್ಕೆ ಸಮನಾಗಿ ಇನ್ನೊಂದು ಮೈ ತೆಗೆಯಲು ಮತ್ತೆ 3. ಉಳಿದದ್ದು 19. ಬಾಗು ಎರಡು ಮೈಯಲ್ಲೂ ಇರುತ್ತದೆ, ಅದಕ್ಕೇ ಎರಡು ಸಲ ಕಳೆಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಒಂದೇ ಸಲ ಕಳೆದುಕೊಂಡು ಬರುತ್ತಾರೆ.

ಅದಕ್ಕೆ ಮೊದಲು ಕೆಲಸ ಮುಗಿದಾಗ ಎಷ್ಟು ದಪ್ಪ ಬೇಕು ಅನ್ನುವುದನ್ನು ತೀರ್ಮಾನ ಮಾಡಿ. ಮುಕ್ಕಾಲು ಇಂಚು ಸಾಕಾದರೆ ಒಂದಿಂಚು ಕುಯ್ಯಿಸಿ. ಪೂರ್ತಿ ಒಂದಿಂಚೇ ಬೇಕಾದರೆ ಒಂದೂಕಾಲು. ಊಟದ ಟೇಬಲ್ ಥರ ಉದ್ದ, ಅಗಲ ಇರುವ ಕೆಲಸಕ್ಕೆ ಒಂದೂವರೆ ಬೇಕಾದರೂ ಬೇಕಾಗಬಹುದು. ಮರ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಚೆನ್ನಾಗಿ ಒಣಗಿದ ಸಾಗುವಾನಿ ಹೇಳಿದ ಮಾತು ಕೇಳುತ್ತದೆ. ಹಸಿ ಅಕೇಶಿಯಾ ಹಾಗಲ್ಲ.

ದುಡ್ಡಿನ ಚಿಂತೆ ನನಗೂ ಅರ್ಥವಾಗುತ್ತದೆ. ಒಂದಿಂಚಿನ ಹಲಗೆ 12 ಚದರಡಿ ಆದರೆ ಒಂದು ಸಿಎಫ್‌ಟಿ, ಅಂದರೆ ಒಂದು ಘನ ಅಡಿ ಮರ. ಅಷ್ಟೇ ಜಾಗಕ್ಕೆ ಒಂದೂಕಾಲು ಇಂಚಿನದು ತಂದರೆ ಮರದ ಖರ್ಚು ಕಾಲು ಭಾಗ ಏರುತ್ತದೆ. ಆದರೆ ಎಲ್ಲ ಕಡೆ ಒಂದಿಂಚು ಬೇಕೇ ಬೇಕಾ? ಪ್ಲೈವುಡ್ ಕಪಾಟು 18-19 ಮಿ.ಮೀ. ಇದ್ದರೆ ಯಾರೂ ಕಡಿಮೆಯಾಯಿತು ಅನ್ನುವುದಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ಸ್ಟೀಲ್ ಸ್ಕೇಲ್ ಹಿಡಿದುಕೊಂಡೇ ಬಂದಿದ್ದರು. "ಕಾಲಿಂಚು ಎಲ್ಲಿ ಹೋಯ್ತಪ್ಪಾ?" ಅಂತ ಕೇಳಿದರು. "ಆ ಮೂಲೇಲಿ ಮೂಟೆ ಕಟ್ಟಿಟ್ಟಿದೀನಿ ಸಾರ್, ತಗೊಂಡ್ಹೋಗಿ" ಅಂದೆ. ಬಚ್ಚಲ ಒಲೆಗಾಯಿತು ಅಂತ ನಿಜವಾಗಿಯೂ ಆಟೋದಲ್ಲಿ ಹಾಕಿಕೊಂಡು ಹೋದರು! ನನಗೆ ಅವರ ಮೇಲೆ ತುಂಬಾ ಪ್ರೀತಿ. ಲೆಕ್ಕ ಕೇಳುವವರಿಗೆ ಲೆಕ್ಕ ಹೇಳಬಹುದು, ಸುಮ್ನೆ ಮುಖ ಊದಿಸಿಕೊಂಡು ಹೋಗುವವರಿಗೆ ಏನು ಹೇಳುವುದು?

ಇನ್ನು ಕೆಲವರು ಇದನ್ನೆಲ್ಲ ಕೇಳಿ ಹೆದರಿ ಎಲ್ಲವನ್ನೂ ಎರಡಿಂಚು ಕುಯ್ಯಿಸುತ್ತಾರೆ. ಬೇಕಾದಾಗ ಸೀಳಿದರೆ ಒಂದಿಂಚಿನ ಎರಡು ಹಲಗೆ ಸಿಗುತ್ತವಲ್ಲ ಅಂತ. ಸಿಗುವುದಿಲ್ಲ. 50 ಮಿ.ಮೀ.ನಲ್ಲಿ ಗರಗಸವೇ ಸುಮಾರು 3 ತಿನ್ನುತ್ತದೆ. ಉಳಿದದ್ದು ತಲಾ 23 ಚಿಲ್ಲರೆ. ಮೇಲಾಗಿ ದಪ್ಪ ಹಲಗೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಪಸೆ ಇರುತ್ತದೆ. ಸೀಳಿದ ಮೇಲೆ ಎರಡೂ ಮತ್ತೆ ಬಾಗುತ್ತವೆ. ಸಪಾಟು ಮಾಡುವಷ್ಟರಲ್ಲಿ ಮುಕ್ಕಾಲು ಇಂಚಿಗಿಂತಲೂ ಕೆಳಗೆ ಇಳಿದಿರುತ್ತದೆ.

ಈಗಾಗಲೇ ಒಂದಿಂಚು ಕುಯ್ಯಿಸಿ ಮನೆಯಲ್ಲಿ ಪೇರಿಸಿಟ್ಟಿದ್ದರೆ ಒಂದು ದಾರಿ ಇದೆ. ಎಂಟಡಿ ಹಲಗೆಯನ್ನು ಇಡಿಯಾಗಿ ಸಪಾಟು ಮಾಡುವ ಮಷಿನ್‌ಗೆ ಕೊಡಬೇಡಿ. ಬೇಕಾದ ಉದ್ದಕ್ಕಿಂತ ಒಂದಿಂಚು ಜಾಸ್ತಿ ಬಿಟ್ಟು ಮೊದಲು ತುಂಡು ಮಾಡಿಸಿ. ತೀರಾ ಬಾಗಿದ್ದರೆ ಉದ್ದಕ್ಕೂ ನಡುವೆ ಸೀಳಿಸಿ. ಅಗಲ ಅರ್ಧವಾದರೆ ಬಾಗು ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. 3 ಮಿ.ಮೀ. ಇದ್ದದ್ದು ಒಂದಕ್ಕಿಂತ ಕಡಿಮೆ. ಆಮೇಲೆ ತೋಪಡಾ (ಮರದ ಮೈ ಹೆರೆಯುವ ಸಾಧನ) ಹೊಡೆದು, ಎರಡೂ ಪಟ್ಟಿ ಅಂಟಿಸಿದರೆ 21-22 ಉಳಿಸಿಕೊಳ್ಳಬಹುದು. ಜೋಡಿಸಿದ ಗೆರೆ ಕಾಣುತ್ತದೆ. ಅದು ಬೇಡ ಅನ್ನುವವರು 19ಕ್ಕೆ ಒಪ್ಪಿಕೊಳ್ಳಬೇಕು.