ಲೇಸರ್ ಡಯೋಡಿನ ಲೆನ್ಸ್ ಬಿಚ್ಚುವುದು, ಕೂರಿಸುವುದು: ಮಲೆನಾಡಿನ ಹವೆಯಲ್ಲಿ ಕಲಿಯುವವರಿಗೆ ಟಿಪ್ಪಣಿ

ಲೇಸರ್ ಎಂದರೆ ಸೂಜಿಯಂತೆ ನೆಟ್ಟಗೆ ಹೋಗುವ ಬೆಳಕು ಎಂದು ಶಾಲೆಯಲ್ಲಿ ಓದಿದ್ದೇವೆ. ವಿದ್ಯುತ್ತನ್ನು ನೇರವಾಗಿ ಲೇಸರ್ ಬೆಳಕು ಮಾಡುವ ಪುಟ್ಟ ಬಿಡಿಭಾಗವಾದ ಡಯೋಡಿನ ಮಟ್ಟಿಗೆ ಇದು ಅರ್ಧ ಸತ್ಯ. ಡಯೋಡಿನೊಳಗೆ ಬೆಳಕು ಹುಟ್ಟಿಸುವ ಚಿಪ್ಪಿನ (ಅರೆವಾಹಕದ ತುಣುಕಿನ) ಅಂಚಿನಲ್ಲಿ ಬೆಳಕು ಹೊರಬೀಳುವ ಕಿಂಡಿ ಒಂದು ದಿಕ್ಕಿನಲ್ಲಿ ಸುಮಾರು 1 ಮೈಕ್ರಾನ್, ಇನ್ನೊಂದು ದಿಕ್ಕಿನಲ್ಲಿ ಹತ್ತಾರು ಮೈಕ್ರಾನ್ ಅಗಲ. ಕಿಂಡಿ ಕಿರಿದಾದಷ್ಟೂ ವಿವರ್ತನೆ, ಅಂದರೆ ಕಿಂಡಿ ದಾಟಿದ ಬೆಳಕು ಹರಡುವುದು, ಹೆಚ್ಚು. ಆದ್ದರಿಂದ ಕಿರಿದಾದ ದಿಕ್ಕಿನಲ್ಲಿ ಬೆಳಕು 40 ಡಿಗ್ರಿಯಷ್ಟು ಹರಡಿದರೆ, ಅಗಲದ ದಿಕ್ಕಿನಲ್ಲಿ ಅದರ ಮೂರನೆಯ ಒಂದು ಭಾಗವೂ ಹರಡುವುದಿಲ್ಲ. ಈ ಬೀಸಣಿಗೆಯನ್ನು ಮಡಚಿ ಕಡ್ಡಿ ಮಾಡುವುದೇ ಲೆನ್ಸಿನ ಕೆಲಸ.

2010ರಲ್ಲಿ ಕ್ಯಾಸಿಯೊ ಕಂಪನಿ ಪಾದರಸದ ದೀಪದ ಬದಲು ನೀಲಿ ಲೇಸರ್ ಮತ್ತು ಎಲ್‌ಇಡಿ ಇಟ್ಟ ಪ್ರೊಜೆಕ್ಟರುಗಳನ್ನು ಮಾರುಕಟ್ಟೆಗೆ ತಂದಿತು. ಅವನ್ನು ಬಿಚ್ಚಿ ತೆಗೆದ 445 ನ್ಯಾನೊಮೀಟರಿನ ಡಯೋಡುಗಳಿಂದಲೇ ಹವ್ಯಾಸಿಗಳಿಗೆ ವ್ಯಾಟ್‌ಗಟ್ಟಲೆ ಬೆಳಕಿನ ರುಚಿ ಹತ್ತಿತು. ಈಗ ಸಾಗರ, ಸೊರಬದ ಕಡೆ ಮರದ ಮೇಲೆ ಹೆಸರು, ಚಿತ್ರ ಸುಡುವ ಪುಟ್ಟ ಯಂತ್ರ ಕೊಂಡವರೂ ಇದೇ ಜಾತಿಯ ಡಯೋಡನ್ನು ಬಳಸುತ್ತಾರೆ. ಅಂಥವರು ಲೆನ್ಸ್ ಬಿಚ್ಚುವುದಕ್ಕೆ ಸಾಮಾನ್ಯ ಕಾರಣ ಹೊಗೆ. ಮರ ಸುಟ್ಟಾಗ ಏಳುವ ಜಿಡ್ಡು ಗಾಜಿನ ಮೇಲೆ ಕೂರುತ್ತದೆ, ಜಿಡ್ಡು ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಕೊನೆಗೆ ಗಾಜಿನ ಮೇಲಿನ ಲೇಪವೇ ಹಾಳಾಗುತ್ತದೆ.

ಕಣ್ಣಿನ ವಿಚಾರ ಮೊದಲು. ಕಣ್ಣಿಗೆ ಕಾಣುವ, ನಿರಂತರವಾಗಿ ಉರಿಯುವ ಲೇಸರ್ 500 ಮಿಲಿವ್ಯಾಟ್ ದಾಟಿದರೆ ಅದು ಲೇಸರ್ ಸುರಕ್ಷತೆಯ ವರ್ಗಗಳಲ್ಲಿ ಅತಿ ಅಪಾಯದ 4ನೇ ವರ್ಗಕ್ಕೆ ಸೇರುತ್ತದೆ. ಆ ವರ್ಗದಲ್ಲಿ ನೇರ ಕಿರಣವಷ್ಟೇ ಅಲ್ಲ, ಬಿಳಿ ಗೋಡೆಯಿಂದ ಚೆದುರಿ ಬಂದ ಬೆಳಕೂ ಅಪಾಯ. ಮನುಷ್ಯ ರೆಪ್ಪೆ ಮುಚ್ಚಲು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಅಕ್ಷಿಪಟ ಸುಟ್ಟಿರುತ್ತದೆ. ಲೇಸರ್ ತಡೆಯುವ ಕನ್ನಡಕದ ಮೇಲೆ ಬರೆದ ಒ.ಡಿ. (ಬೆಳಕು ತಡೆಯುವ ಅಳತೆ) 4 ಎಂಬುದರ ಅರ್ಥ, ಅದು ಹತ್ತು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುತ್ತದೆ ಎಂದು. 5 ವ್ಯಾಟ್ ಬಂದರೆ ಅರ್ಧ ಮಿಲಿವ್ಯಾಟ್ ದಾಟುತ್ತದೆ. ಆದರೆ ಈ ಅಂಕಿ ಯಾವ ತರಂಗಾಂತರಕ್ಕೆ ಎಂದು ನೋಡದೆ ಕೊಂಡರೆ ದುಡ್ಡು ದಂಡ. ನೀಲಿಯನ್ನು ತಡೆಯುವ ಕಿತ್ತಳೆ ಕನ್ನಡಕ ಕೆಂಪನ್ನು ಸಲೀಸಾಗಿ ಬಿಟ್ಟುಬಿಡುತ್ತದೆ. ಯಂತ್ರದ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಕನ್ನಡಕವನ್ನು ನಾನಂತೂ ನಂಬುವುದಿಲ್ಲ.

ಇಲ್ಲಿ ಕಲಿಯುವವರು ಗಮನಿಸದ ಒಂದು ಸಂಗತಿ ಇದೆ. ಲೆನ್ಸ್ ಇಲ್ಲದ ಡಯೋಡಿನ ಬೆಳಕು ಹರಡಿಹೋಗುವುದರಿಂದ ಎರಡು ಮೀಟರ್ ದಾಟುವಷ್ಟರಲ್ಲಿ ತೆಳುವಾಗುತ್ತದೆ. ಲೆನ್ಸ್ ಸರಿಯಾದ ಜಾಗಕ್ಕೆ ಬಂದ ಕ್ಷಣದಿಂದ ಅದೇ ಬೆಳಕು ಕೋಣೆಯ ಆಚೆ ತುದಿಗೂ ಪೂರ್ತಿ ಬಲದಿಂದ ಮುಟ್ಟುತ್ತದೆ. ಹೊಂದಿಸುವ ಹೊತ್ತಿನಲ್ಲೇ ಅಪಾಯ ಹೆಚ್ಚು ಎಂದಾಯಿತು. ಆದ್ದರಿಂದ ಬಿಚ್ಚುವ, ಕೂರಿಸುವ ಕೆಲಸವೆಲ್ಲ ವಿದ್ಯುತ್ ತೆಗೆದು. ಹೊಂದಿಸುವ ಕೆಲಸ ಲೇಸರ್ ಆಗಷ್ಟೇ ಹೊತ್ತಿಕೊಳ್ಳುವ ಕನಿಷ್ಠ ಕರೆಂಟಿನಲ್ಲಿ, ಕನ್ನಡಕ ಹಾಕಿಕೊಂಡು, ಕಿರಣದ ಕೊನೆಗೆ ಕಪ್ಪು ಬಳಿದ ಇಟ್ಟಿಗೆ ಇಟ್ಟು.

ಬಿಚ್ಚುವುದು

ನಮ್ಮ ಕೈಗೆ ಸಿಗುವ ಡಯೋಡುಗಳು ಬಹುತೇಕ 5.6 ಅಥವಾ 9 ಮಿ.ಮೀ. ಬುಡದವು. ಬುಡದ ಮೇಲೆ ಲೋಹದ ಟೋಪಿ, ಟೋಪಿಗೆ ಗಾಜಿನ ಕಿಟಕಿ, ಅದರಾಚೆ ಹೊರಗಿನ ಲೆನ್ಸ್. ಹೊರಗಿನ ಲೆನ್ಸನ್ನು ಬಿಚ್ಚುವುದು ಬೇರೆ, ಟೋಪಿಯನ್ನೇ ಕತ್ತರಿಸುವುದು ಬೇರೆ.

ಹೆಚ್ಚಿನ ಮಾಡ್ಯೂಲುಗಳಲ್ಲಿ (ಡಯೋಡು, ಲೆನ್ಸ್ ಎರಡನ್ನೂ ಹಿಡಿದಿಡುವ ಲೋಹದ ಕವಚಗಳಲ್ಲಿ) ಲೆನ್ಸ್ 9 ಮಿ.ಮೀ. ಅಗಲದ, ಅರ್ಧ ಮಿ.ಮೀ. ಅಂತರದ ಮರೆ, ಅಂದರೆ ತಿರುಪಿನ ಸುತ್ತು, ಇರುವ ಹಿತ್ತಾಳೆ ಉಂಗುರದೊಳಗೆ ಇರುತ್ತದೆ. ಎಡಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಬಿಚ್ಚುವಾಗ ಮಾಡ್ಯೂಲಿನ ಬಾಯಿ ಕೆಳಮುಖವಾಗಿರಲಿ. ಮರೆ ಉಜ್ಜಿ ಉದುರುವ ಹಿತ್ತಾಳೆಯ ಪುಡಿ ಕಿಟಕಿಯ ಮೇಲೆ ಬೀಳದೆ ಮೇಜಿನ ಮೇಲೆ ಬೀಳುತ್ತದೆ. ಹಿಂದೆ ಪುಟ್ಟ ಸ್ಪ್ರಿಂಗ್ ಇದ್ದರೆ ಅದು ಹಾರುತ್ತದೆ, ಕೆಳಗೆ ಬಟ್ಟೆ ಹಾಸಿಕೊಳ್ಳಿ.

ಪ್ರೊಜೆಕ್ಟರಿನಿಂದ ಬಂದ ಕೆಲವು ಡಯೋಡುಗಳಲ್ಲಿ ಲೆನ್ಸನ್ನು ಅಂಟಿನಿಂದಲೇ ಕೂರಿಸಿರುತ್ತಾರೆ. ಗಡಿಯಾರ ರಿಪೇರಿಯವರ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದರೆ ಲೆನ್ಸಿನ ಅಂಚಿನಲ್ಲಿ ಒಣಗಿದ ಅಂಟಿನ ಹನಿಗಳು ಕಾಣುತ್ತವೆ. ಮೊದಲು ಡಯೋಡಿನ ಕಾಲುಗಳನ್ನು ತೆಳು ತಂತಿಯಿಂದ ಒಂದಕ್ಕೊಂದು ಸುತ್ತಿಬಿಡಿ, ಮೈಯ ಸ್ಥಿರವಿದ್ಯುತ್ತಿನಿಂದ ಚಿಪ್ಪು ಸಾಯದಿರಲಿ. ಬುಡವನ್ನು ಇಕ್ಕಳದಲ್ಲಿ ಹಿಡಿಯಬೇಕು. ಟೋಪಿಯನ್ನು ಹಿಡಿದರೆ ಅದರ ಬೆಸುಗೆ ಬಿಡುತ್ತದೆ. ಆಮೇಲೆ ಚೂಪು ಬ್ಲೇಡಿನ ಮೂಲೆಯಿಂದ ಒಂದೊಂದೇ ಹನಿಯನ್ನು ಸೀಳುತ್ತಾ ಹೋಗಿ, ಕೊನೆಯಲ್ಲಿ ಲೆನ್ಸನ್ನು ಮೇಲಕ್ಕೆಳೆಯದೆ ಪಕ್ಕಕ್ಕೆ ಮೆಲ್ಲಗೆ ತಿರುಚಬೇಕು. ಬಿಸಿ ಕೊಟ್ಟರೆ ಅಂಟು ಮೆತ್ತಗಾಗುವುದು ನಿಜ, ಆದರೆ ಎಪಾಕ್ಸಿ ಮೆತ್ತಗಾಗುವಷ್ಟು ಬಿಸಿಯನ್ನು ಡಯೋಡು ತಾಳದಿರಬಹುದು. ಅಸಿಟೋನ್ ಸುರಿದರೆ ಕರಗಿದ ಅಂಟು ಸಂದಿಗಿಳಿದು ಕಿಟಕಿಯ ಮೇಲೆ ಪೊರೆಯಾಗಿ ಒಣಗುತ್ತದೆ.

ಟೋಪಿ ಕತ್ತರಿಸುವ ವಿಚಾರ: ಬೇಡ. ಲೆನ್ಸನ್ನು ಚಿಪ್ಪಿಗೆ ಇನ್ನೂ ಹತ್ತಿರ ತರಬಹುದು ಎಂಬುದೊಂದೇ ಅದರ ಲಾಭ. ಒಳಗಿನ ಒಣ ಗಾಳಿಯನ್ನು ಕಾರ್ಖಾನೆಯವರು ಮೊಹರು ಮಾಡಿಟ್ಟಿರುವುದು ಸುಮ್ಮನೆ ಅಲ್ಲ. ನೀಲಿ ಮತ್ತು ನೇರಳೆ ಬೆಳಕಿಗೆ ಗಾಳಿಯಲ್ಲಿರುವ ಅಂಟಿನ, ಸಿಲಿಕೋನಿನ ಆವಿಯನ್ನು ಒಡೆದು ಚಿಪ್ಪಿನ ಮುಖದ ಮೇಲೆ ಮಸಿಯಾಗಿ ಕೂರಿಸುವ ಗುಣವಿದೆ. ಮಸಿ ಕೂತ ಜಾಗ ಬಿಸಿಯಾಗುತ್ತದೆ, ಮುಖ ಸುಡುತ್ತದೆ. ಬಯಲುಸೀಮೆಯವರು ಬೇಕಾದರೆ ಬೇಸಿಗೆಯಲ್ಲಿ ಈ ಸಾಹಸ ಮಾಡಲಿ. ಹುಲಿಕಲ್, ಆಗುಂಬೆಯ ಆಸುಪಾಸಿನಲ್ಲಿ ಕುಳಿತವರಿಗೆ ಇದು ಹೇಳಿದ ಕೆಲಸವಲ್ಲ.

ಕೂರಿಸುವುದು

ಲೆಕ್ಕ ಗೊತ್ತಿದ್ದರೆ ಅರ್ಧ ಪರದಾಟ ತಪ್ಪುತ್ತದೆ. ಕಿಂಡಿಯ ಅಗಲವನ್ನು ಲೆನ್ಸಿನ ನಾಭಿದೂರದಿಂದ (ನೆಟ್ಟಗೆ ಬಂದ ಬೆಳಕನ್ನು ಲೆನ್ಸ್ ಬಿಂದುವಾಗಿಸುವ ದೂರದಿಂದ) ಭಾಗಿಸಿದರೆ ಕಿರಣ ಎಷ್ಟು ಹರಡುತ್ತದೆ ಎಂಬುದು ಸಿಗುತ್ತದೆ. 40 ಮೈಕ್ರಾನ್ ಕಿಂಡಿ, 4 ಮಿ.ಮೀ. ನಾಭಿದೂರದ ಲೆನ್ಸ್ ಇದ್ದರೆ 10 ಮಿಲಿರೇಡಿಯನ್. ಅಂದರೆ 10 ಮೀಟರ್ ದೂರದಲ್ಲಿ 10 ಸೆಂಟಿಮೀಟರಿನ ಪಟ್ಟಿ. 8 ಮಿ.ಮೀ. ಲೆನ್ಸ್ ಹಾಕಿದರೆ ಪಟ್ಟಿ ಅರ್ಧಕ್ಕಿಳಿಯುತ್ತದೆ. ಹಾಗಾದರೆ ಉದ್ದ ನಾಭಿಯೇ ಒಳ್ಳೆಯದೇ? 40 ಡಿಗ್ರಿ ಹರಡುವ ದಿಕ್ಕಿನಲ್ಲಿ ಬೆಳಕು 8 ಮಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ಸುಮಾರು 6 ಮಿ.ಮೀ. ಅಗಲವಾಗಿರುತ್ತದೆ, ಪುಟ್ಟ ಉಂಗುರದ ಗಾಜಿಗೆ ಅದರ ಅಂಚುಗಳು ಸಿಗುವುದಿಲ್ಲ. ದೂರ ಬೇಕೋ ಬಲ ಬೇಕೋ, ಒಂದನ್ನು ಆರಿಸಿಕೊಳ್ಳಿ.

ಗಾಜಿನ ಲೇಪವನ್ನೂ ಕೇಳಿ ಕೊಳ್ಳಿ. ಲೇಪವಿಲ್ಲದ ಪ್ರತಿ ಮುಖದಲ್ಲಿ ಸುಮಾರು ಶೇ. 4 ಬೆಳಕು ಹಿಂದಕ್ಕೆ ಹೋಗುತ್ತದೆ. ಬಿಡಿಬಿಡಿಯಾಗಿ ನಿಂತ ಮೂರು ಗಾಜುಗಳ ಲೆನ್ಸಿಗೆ ಆರು ಮುಖ, ಒಟ್ಟು ನಷ್ಟ ಶೇ. 20ಕ್ಕೂ ಮೇಲೆ.

ಮರೆ ಎಷ್ಟು ಸೂಕ್ಷ್ಮ ಎಂದು ನೋಡಿ. ಒಂದು ಸುತ್ತಿಗೆ ಅರ್ಧ ಮಿ.ಮೀ. ಎಂದರೆ 10 ಡಿಗ್ರಿ ತಿರುವಿಗೆ ಸುಮಾರು 14 ಮೈಕ್ರಾನ್. ದೂರಕ್ಕೆ ನೆಟ್ಟಗೆ ಹೋಗುತ್ತಿದ್ದ ಕಿರಣ, 4 ಮಿ.ಮೀ. ಲೆನ್ಸನ್ನು ಅಷ್ಟೇ ಅಷ್ಟು ಹೊರಕ್ಕೆ ತಿರುಗಿಸಿದರೆ, ಒಂದೂಕಾಲು ಮೀಟರಿನ ಒಳಗೇ ಬಿಂದುವಾಗಿ ಸೇರುತ್ತದೆ. ಲೆನ್ಸ್ ಪಕ್ಕಕ್ಕೆ 0.1 ಮಿ.ಮೀ. ಸರಿದರೂ 10 ಮೀಟರಿನಲ್ಲಿ ಕಿರಣ 25 ಸೆಂಟಿಮೀಟರ್ ಆಚೆ ಬೀಳುತ್ತದೆ. ಆದ್ದರಿಂದ ಮರೆ ಸಡಿಲವಿರಬಾರದು. ಹಿಂದಿನ ಸ್ಪ್ರಿಂಗ್ ಇರುವುದೇ ಈ ಆಟ ತಪ್ಪಿಸಲು. ಅದನ್ನು ಬಿಸಾಡಿ ಮರೆಗೆ ಅಂಟು ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಅಂಟು ಹಾಕಲೇಬೇಕಾದರೆ ಹೊರಗಿನ ಅಂಚಿಗೆ ಒಂದು ಚುಕ್ಕೆ, ಅದೂ ಪೂರ್ತಿ ಒಣಗಿದ ಮೇಲೆ ಲೇಸರ್ ಹೊತ್ತಿಸಿ.

ಒರೆಸುವುದಕ್ಕೆ ಮೊದಲು ಊದುಬುರುಡೆ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೊಟ್ಟಿಕ್ಕಿದ ಲೆನ್ಸ್ ಕಾಗದವನ್ನು ಒಂದೇ ದಿಕ್ಕಿಗೆ ಒಮ್ಮೆ ಎಳೆಯುವುದು. ಬಾಯಿಯಿಂದ ಊದಿ ಅಂಗಿಯ ತುದಿಯಿಂದ ಒರೆಸುವ ಚಟ ಕನ್ನಡಕದ ಮಟ್ಟಿಗಿರಲಿ.

ಮಳೆಗಾಲ

5 ವ್ಯಾಟ್ ಬೆಳಕು ಕೊಡುವ ಡಯೋಡು ಅದಕ್ಕಿಂತ ಹೆಚ್ಚು ಶಾಖವನ್ನು ಬುಡದಿಂದ ಬಿಡುತ್ತದೆ. ತಂಪು ಮಾಡಲು ಕೆಲವರು ಪೆಲ್ಟಿಯರ್ ಬಿಲ್ಲೆ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗುವ ಬಿಲ್ಲೆ) ಕಟ್ಟುತ್ತಾರೆ. ಆಷಾಢದಲ್ಲಿ ಗಾಳಿ 24 ಡಿಗ್ರಿ, ತೇವಾಂಶ ಶೇ. 95 ಇದ್ದರೆ ಇಬ್ಬನಿ ಕಟ್ಟುವ ಮಟ್ಟ ಸುಮಾರು 23 ಡಿಗ್ರಿ. ಗಾಳಿಗಿಂತ ಒಂದು ಡಿಗ್ರಿ ತಣ್ಣಗಾದರೆ ಸಾಕು, ಕಿಟಕಿಯೂ ಲೆನ್ಸೂ ಬೆವರುತ್ತವೆ. ನಮ್ಮಲ್ಲಿ ತಾಮ್ರದ ಮಾಡ್ಯೂಲ್, ಅಲ್ಯುಮಿನಿಯಂ ರೆಕ್ಕೆ, ಫ್ಯಾನ್ ಸಾಕು. ಕರೆಂಟ್ ಹೋಗಿ ಬರುವಾಗಿನ ಏಟಿಗೆ ಡಯೋಡು ಒಡ್ಡಿಕೊಳ್ಳದಿರಲು ಬ್ಯಾಟರಿಯಿಂದ ನಡೆಯುವ ಡ್ರೈವರ್ (ಡಯೋಡಿಗೆ ಅಳೆದು ಕರೆಂಟ್ ಕೊಡುವ ಸರ್ಕ್ಯೂಟ್) ಒಳ್ಳೆಯದು.

ಬಿಡಿ ಲೆನ್ಸುಗಳಿಗೆ ಬೂಷ್ಟಿನ ಕಾಟ. ಕ್ಯಾಮೆರಾ ಇಟ್ಟುಕೊಂಡವರಿಗೆ ಇದು ಹೊಸದಲ್ಲ: ಗಾಜಿನ ಮೇಲೆ ಜೇಡನ ಬಲೆಯಂಥ ಎಳೆಗಳು, ಒರೆಸಿದರೂ ಉಳಿಯುವ ಗುರುತು, ಕಾರಣ ಲೇಪ ಆಗಲೇ ತಿಂದುಹೋಗಿರುತ್ತದೆ. ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ ಮತ್ತೆ ಹಾಕಬಹುದು, ಆ ಬಾಣಲೆ ಅಡುಗೆಗೆ ವಾಪಸ್ ಹೋಗಬಾರದು. ಬಚ್ಚಲ ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಲೆನ್ಸನ್ನು ಅಲ್ಲಿಡಬೇಡಿ. ಬೂಷ್ಟು ತಪ್ಪಿದರೂ ಹೊಗೆಯ ಜಿಡ್ಡು ತಪ್ಪುವುದಿಲ್ಲ. ಡಯೋಡನ್ನೂ ಅದೇ ಡಬ್ಬಿಯಲ್ಲಿ, ಕಾಲುಗಳಿಗೆ ಸುತ್ತಿದ ತಂತಿ ಬಿಚ್ಚದೆ ಇಡಿ. ತಂತಿ ಬಿಚ್ಚುವುದು ಡ್ರೈವರಿಗೆ ಬೆಸೆದ ಮೇಲೆ, ಅದೂ ಡ್ರೈವರಿನ ಕೆಪಾಸಿಟರ್ ಪೂರ್ತಿ ಖಾಲಿಯಾಗಿದೆ ಎಂದು ಮೀಟರಿನಲ್ಲಿ ನೋಡಿದ ನಂತರ.