ಅಲಮೋಸಾದ ತೆಳು ಗಾಳಿಯಲ್ಲಿ ಓಟ ಕಲಿಸಿದ ಮೇಷ್ಟ್ರು

ಕ್ರಾಸ್ ಕಂಟ್ರಿ, ಅಂದರೆ ನಮ್ಮ ಪತ್ರಿಕೆಗಳು ಗುಡ್ಡಗಾಡು ಓಟ ಎಂದು ಬರೆಯುವ ಸ್ಪರ್ಧೆಯಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ತಂಡದಿಂದ ಏಳು ಜನ ಓಡುತ್ತಾರೆ. ಅವರಲ್ಲಿ ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನು ಕೂಡಿಸುತ್ತಾರೆ. ಒಂದರಿಂದ ಐದರವರೆಗಿನ ಸ್ಥಾನಗಳೆಲ್ಲ ಒಂದೇ ತಂಡಕ್ಕೆ ಬಂದರೆ ಮೊತ್ತ 15. ಅದಕ್ಕಿಂತ ಕಡಿಮೆ ಅಂಕ ಯಾರಿಗೂ ಸಾಧ್ಯವಿಲ್ಲ.

1992ರಲ್ಲಿ ಅಮೆರಿಕದ ಕಾಲೇಜುಗಳ ಎರಡನೇ ಡಿವಿಷನ್ ರಾಷ್ಟ್ರೀಯ ಕೂಟದಲ್ಲಿ ಆಡಮ್ಸ್ ಸ್ಟೇಟ್ ಕಾಲೇಜಿನ ಹುಡುಗರು ತಂದ ಅಂಕ ಅದೇ 15. ಐದು ಜನ, ಒಂದೇ ಕಾಲೇಜಿನ ಜೆರ್ಸಿ, ನಡುವೆ ಬೇರೆಯವರು ಒಬ್ಬರೂ ಇಲ್ಲ. ಅದಕ್ಕೂ ಮುಂಚೆ ಈ ಕಾಲೇಜು ಚಿಕ್ಕ ಕಾಲೇಜುಗಳದ್ದೇ ಆದ ಬೇರೊಂದು ಒಕ್ಕೂಟದಲ್ಲಿ ಓಡುತ್ತಿತ್ತು. ದೊಡ್ಡ ಒಕ್ಕೂಟಕ್ಕೆ ಬಂದ ಮೊದಲ ವರ್ಷವೇ ಈ ಫಲಿತಾಂಶ.

ಆ ತಂಡದ ಕೋಚ್ ಜೋ ವಿಹಿಲ್. ಆಗ ಅವರಿಗೆ ಅರವತ್ತು ದಾಟಿತ್ತು. ಕಾಲೇಜಿಗೆ ಸೇರಿ 27 ವರ್ಷ ಆಗಿತ್ತು. ಮರು ವರ್ಷ ಅವರು ಅಲ್ಲಿಂದ ನಿವೃತ್ತರಾದರು. ಆ ಹೊತ್ತಿಗೆ ಅವರ ತಂಡಗಳು ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು 19. ನಿವೃತ್ತಿಯ ಊಟ ಹಾಕಿಸಿಕೊಂಡು ಮನೆ ಸೇರಿದ್ದರೂ ಅದು ತುಂಬು ಜೀವನವೇ ಆಗುತ್ತಿತ್ತು. ಆದರೆ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಮತ್ತೆ ಮ್ಯಾರಥಾನ್ ಪದಕ ಹೇಗೆ ಬಂತು ಎಂದು ಬೇರು ಹುಡುಕುತ್ತಾ ಹೋದರೆ, ದಾರಿ ಈ ಸಣ್ಣ ಕಾಲೇಜಿನ ಮೈದಾನಕ್ಕೇ ಬಂದು ನಿಲ್ಲುತ್ತದೆ.

ಕಾಲೇಜು ಇರುವ ಊರು ಅಲಮೋಸಾ. ಕೊಲೊರಾಡೊ ರಾಜ್ಯದ ದಕ್ಷಿಣ ತುದಿಯಲ್ಲಿ, ಸ್ಯಾನ್ ಲೂಯಿಸ್ ಕಣಿವೆಯಲ್ಲಿದೆ. ಕಣಿವೆ ಅಂದ ಕೂಡಲೇ ತಗ್ಗು ಜಾಗ ಅಂದುಕೊಳ್ಳಬೇಡಿ. ಸುತ್ತಲಿನ ಬೆಟ್ಟಗಳು ಇನ್ನೂ ಎತ್ತರ ಇರುವುದರಿಂದ ಅದು ಕಣಿವೆ, ಅಷ್ಟೇ. ಊರು ಇರುವುದು ಸಮುದ್ರ ಮಟ್ಟದಿಂದ 7,500 ಅಡಿ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ತುದಿ ಮುಳ್ಳಯ್ಯನಗಿರಿಯೇ 6,300 ಅಡಿ ಚಿಲ್ಲರೆ. ಅಂದರೆ ಅಲಮೋಸಾದ ಜನ ಬೆಳಿಗ್ಗೆ ಎದ್ದು ಹಾಲು ತರಲು ಹೋಗುವ ಬೀದಿ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸಾವಿರ ಅಡಿ ಮೇಲಿದೆ! ಆಲೂಗಡ್ಡೆ ಬೆಳೆಯುವ ಸೀಮೆ. ಚಳಿಗಾಲದಲ್ಲಿ ಮೂಗಿನ ತುದಿ ಮರಗಟ್ಟುವ ಚಳಿ.

ವಿಹಿಲ್ ಇದೇ ಕಣಿವೆಯ ಹುಡುಗ. ನ್ಯೂ ಮೆಕ್ಸಿಕೊ ಗಡಿಗೆ ಹತ್ತಿರದ ಆಂಟೊನಿಟೊದಲ್ಲಿ 1929ರಲ್ಲಿ ಹುಟ್ಟಿದರು. ಬೆಳೆದದ್ದು ಅಲಮೋಸಾದಲ್ಲಿ. ಆಡಮ್ಸ್ ಸ್ಟೇಟ್‌ನಲ್ಲಿ ಓದುವಾಗ ಆಡಿದ್ದು ಫುಟ್‌ಬಾಲ್, ಅಮೆರಿಕದವರ ಫುಟ್‌ಬಾಲ್. ಓದು ಮುಗಿದ ಮೇಲೆ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು, ಅಲ್ಲೇ ಕೋಚ್ ಕೂಡ ಆದರು. 1965ರಲ್ಲಿ ತಾವು ಓದಿದ ಕಾಲೇಜಿಗೇ ಬಂದರು.

ಆ ಕಾಲಕ್ಕೆ ಎತ್ತರದ ಜಾಗ ಓಟಗಾರರಿಗೆ ದೊಡ್ಡ ತಲೆನೋವಾಗಿತ್ತು. 1968ರ ಒಲಿಂಪಿಕ್ಸ್ ಮೆಕ್ಸಿಕೊ ಸಿಟಿಗೆ ಹೋಗಿತ್ತು. ಆ ನಗರದ ಎತ್ತರ ಸುಮಾರು 2,240 ಮೀಟರ್. ನಮಗೆ ಗೊತ್ತಿರುವ ಜಾಗದ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಊಟಿಯಷ್ಟು. ಮೈಸೂರಿನಲ್ಲಿ ದಿನಾ ಹತ್ತು ಕಿಲೋಮೀಟರ್ ಓಡುವವರು ಊಟಿಗೆ ಹೋದ ಮರುದಿನ ಬೆಳಿಗ್ಗೆ ಅದೇ ವೇಗದಲ್ಲಿ ಓಡಲು ನೋಡಲಿ. ಕಾಲು ಸರಿಯಾಗೇ ಇರುತ್ತದೆ. ಒಂದು ಸಣ್ಣ ಏರು ಬಂದರೆ ಸಾಕು, ಎದೆ ಬಡಿತ ಕಿವಿಗೆ ಕೇಳಿಸುತ್ತದೆ. ಎಷ್ಟು ಉಸಿರು ಎಳೆದುಕೊಂಡರೂ ಸಾಲುವುದಿಲ್ಲ.

ಯಾಕೆ ಹೀಗೆ? ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 21ರಷ್ಟೇ. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಅಲಮೋಸಾದಷ್ಟು ಎತ್ತರದಲ್ಲಿ ಒಂದೊಂದು ಉಸಿರಿಗೂ ಸಮುದ್ರ ಮಟ್ಟಕ್ಕಿಂತ ಕಾಲು ಭಾಗದಷ್ಟು ಕಡಿಮೆ ಆಮ್ಲಜನಕ ಸಿಗುತ್ತದೆ. ದೇಹ ಸುಮ್ನೆ ಕೂರುವುದಿಲ್ಲ. ಮೂತ್ರಪಿಂಡಗಳು ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತವೆ. ಅದರ ಸೂಚನೆ ಸಿಕ್ಕ ಮೂಳೆಯ ಮಜ್ಜೆ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ. ಕೆಲವು ವಾರ ಅಲ್ಲೇ ಇದ್ದರೆ ರಕ್ತ ಹೊರುವ ಆಮ್ಲಜನಕ ಹೆಚ್ಚುತ್ತದೆ. ಇದು ಒಂದೆರಡು ದಿನದಲ್ಲಿ ಆಗುವ ಕೆಲಸವಲ್ಲ.

ಹಾಗಾಗಿ ಅಮೆರಿಕದವರು ತಮ್ಮ ಮ್ಯಾರಥಾನ್ ಆಯ್ಕೆ ಓಟವನ್ನೂ ಎತ್ತರದ ಜಾಗದಲ್ಲೇ ನಡೆಸಲು ತೀರ್ಮಾನಿಸಿದರು. ಜಾಗ ಅಲಮೋಸಾ. 1963ರಲ್ಲಿ ಮ್ಯಾರಥಾನ್ ವಿಶ್ವದಾಖಲೆ ಬರೆದಿದ್ದ ಬಡ್ಡಿ ಎಡೆಲೆನ್ ಆಗ ಆಡಮ್ಸ್ ಸ್ಟೇಟ್‌ನಲ್ಲೇ ಕೆಲಸದಲ್ಲಿದ್ದರು. ಅವರೂ ವಿಹಿಲ್ ಕೂಡ ಈ ಓಟ ಊರಿಗೆ ಬರಲು ಓಡಾಡಿದರು. 1968ರ ಆಗಸ್ಟ್‌ನಲ್ಲಿ ನೂರಕ್ಕೂ ಹೆಚ್ಚು ಓಟಗಾರರು ಆ ಪುಟ್ಟ ಊರಿನ ಬೀದಿಗಳಲ್ಲಿ ಸುತ್ತು ಹಾಕಿದರು. ಜಾರ್ಜ್ ಯಂಗ್, ಕೆನ್ನಿ ಮೂರ್, ರಾನ್ ಡಾಸ್ ಆಯ್ಕೆಯಾದರು.

ಮೆಕ್ಸಿಕೊದಲ್ಲಿ ಆದದ್ದು ಎಲ್ಲರ ಕಣ್ಣು ತೆರೆಸಿತು. 10,000 ಮೀಟರ್‌ನಲ್ಲಿ ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಮುಗಿಸಿ ಅಲ್ಲೇ ಕುಸಿದು ಬಿದ್ದರು. ಗೆದ್ದವರು ಕೀನ್ಯಾದ ನಫ್ತಾಲಿ ತೆಮು. ಅವರ ಸಮಯ 29 ನಿಮಿಷ 27 ಸೆಕೆಂಡ್. ಕ್ಲಾರ್ಕ್ ಅವರ ದಾಖಲೆ 27 ನಿಮಿಷ 39 ಸೆಕೆಂಡ್. ಗೆದ್ದ ಓಟವೇ ದಾಖಲೆಗಿಂತ ಹತ್ತಿರ ಹತ್ತಿರ ಎರಡು ನಿಮಿಷ ನಿಧಾನ! 1500 ಮೀಟರ್‌ನಲ್ಲಿ ಕೀನ್ಯಾದ ಕಿಪ್ ಕೀನೊ, ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಮಾಮೊ ವೊಲ್ಡೆ. ಎತ್ತರದ ಊರುಗಳಿಂದ ಬಂದವರೇ ಮುಂದೆ.

ಆ ಕೂಟ ಮುಗಿದ ಮೇಲೆ ಅಮೆರಿಕದಲ್ಲಿ ಬಹಳ ಜನ ಎತ್ತರದ ಮಾತನ್ನು ಮರೆತರು. ವಿಹಿಲ್ ಮರೆಯಲಿಲ್ಲ. ಮರೆಯುವುದಾದರೂ ಹೇಗೆ, ಅವರಿದ್ದದ್ದೇ ಅಲ್ಲಿ ಅಲ್ವಾ? ವ್ಯಾಯಾಮ ಶರೀರಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು. ಈ ವ್ಯಕ್ತಿಯ ಬಗ್ಗೆ ನನಗೆ ತುಂಬಾ ಗೌರವ ಬರುವುದು ಇಲ್ಲಿ. ತೆಳು ಗಾಳಿ ಆ ಕಣಿವೆಯಲ್ಲಿ ಸಾವಿರಾರು ವರ್ಷಗಳಿಂದ ಇತ್ತು. ಅದನ್ನು ಒಂದು ಪಾಠದಂತೆ ಕೂತು ಓದಿದವರು ಇವರು. ದೊಡ್ಡ ವಿಶ್ವವಿದ್ಯಾಲಯಗಳು ಒಳ್ಳೆಯ ಓಟಗಾರರನ್ನು ಹೈಸ್ಕೂಲಿನಲ್ಲೇ ಆರಿಸಿ, ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುತ್ತಿದ್ದವು. ಅಲಮೋಸಾಕ್ಕೆ ಬರುತ್ತಿದ್ದವರು ಹೆಚ್ಚಾಗಿ ಅವರ ಕಣ್ಣಿಗೆ ಬೀಳದ ಹುಡುಗರು.

ಅಂಥವರಲ್ಲಿ ಒಬ್ಬರು ಪ್ಯಾಟ್ ಪೋರ್ಟರ್. ಹೈಸ್ಕೂಲಿನಲ್ಲಿ ಯಾರೂ ಹೆಸರು ಕೇಳಿರದ ಹುಡುಗ. ಅಲಮೋಸಾದಲ್ಲೇ ಉಳಿದು ಓಡಿದರು. 1982ರಿಂದ 1989ರವರೆಗೆ, ಸತತ ಎಂಟು ವರ್ಷ, ಅಮೆರಿಕದ ರಾಷ್ಟ್ರೀಯ ಕ್ರಾಸ್ ಕಂಟ್ರಿ ಚಾಂಪಿಯನ್ ಅವರೇ. ಎರಡು ಸಲ ಒಲಿಂಪಿಕ್ಸ್‌ನಲ್ಲೂ ಓಡಿದರು. 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದಾಗ ಅಮೆರಿಕ ತಂಡದ ಕೋಚ್‌ಗಳಲ್ಲಿ ವಿಹಿಲ್ ಕೂಡ ಇದ್ದರು.

ಇತ್ತ ದೇಶದ ಒಟ್ಟು ಸ್ಥಿತಿ ಇಳಿಯುತ್ತಾ ಹೋಗಿತ್ತು. 2000ದ ಸಿಡ್ನಿ ಒಲಿಂಪಿಕ್ಸ್ ಮ್ಯಾರಥಾನ್‌ಗೆ ಒಂದು ದೇಶ ಮೂವರು ಪುರುಷರು, ಮೂವರು ಮಹಿಳೆಯರನ್ನು ಕಳಿಸಬಹುದಿತ್ತು. ಅಮೆರಿಕದಿಂದ ಹೋದವರು ರಾಡ್ ಡಿಹೇವನ್ ಮತ್ತು ಕ್ರಿಸ್ಟೀನ್ ಕ್ಲಾರ್ಕ್, ಇಬ್ಬರೇ. ಓಟದ ಷೂ ಮಾರುವ ಅಷ್ಟು ದೊಡ್ಡ ಕಂಪನಿಗಳ ನಾಡು, ಊರೂರಿಗೂ ಮ್ಯಾರಥಾನ್ ನಡೆಸುವ ನಾಡು. ಅಲ್ಲಿ ಆರು ಜನ ಸಿಗಲಿಲ್ಲ. ಕಾರಣ ಹುಡುಕಿದರೆ ಒಂದು ಎದ್ದು ಕಾಣುತ್ತಿತ್ತು. ಕಾಲೇಜು ಮುಗಿಸಿದ ಓಟಗಾರ ಒಂಟಿಯಾಗಿಬಿಡುತ್ತಿದ್ದ. ನಾಲ್ಕು ವರ್ಷ ತಂಡ, ಕೋಚ್, ಊಟ, ಡಾಕ್ಟರ್ ಎಲ್ಲವೂ ಇತ್ತು. ಪದವಿ ಸಿಕ್ಕ ಮರುದಿನ ಏನೂ ಇಲ್ಲ. ದೂರದ ಓಟಗಾರರು ಪೂರ್ತಿ ಮಾಗುವುದು ಇಪ್ಪತ್ತೈದರ ನಂತರ. ಅಷ್ಟರಲ್ಲಿ ಇವರು ಓಟ ಬಿಟ್ಟು ಕೆಲಸಕ್ಕೆ ಸೇರಿರುತ್ತಿದ್ದರು.

ಈ ಮಾತು ಗೊತ್ತಿದ್ದ ಇನ್ನೊಬ್ಬ ಕಾಲೇಜು ಕೋಚ್ ಬಾಬ್ ಲಾರ್ಸೆನ್. ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಎರಡು ದಶಕ ಕೋಚ್ ಆಗಿದ್ದವರು. ಎರಿಟ್ರಿಯಾದಲ್ಲಿ ಹುಟ್ಟಿ ಸ್ಯಾನ್ ಡಿಯಾಗೊದಲ್ಲಿ ಬೆಳೆದ ಮೆಬ್ ಕೆಫ್ಲೆಜಿಘಿ ಈ ಲಾರ್ಸೆನ್ ಅವರ ಶಿಷ್ಯ. ವಿಹಿಲ್ ಅವರ ಬಳಿ ಡೀನಾ ಡ್ರಾಸಿನ್ ಇದ್ದರು. ಅರ್ಕಾನ್ಸಾಸ್ ವಿಶ್ವವಿದ್ಯಾಲಯ ಮುಗಿಸಿ, ಓಟ ಬಿಡಬೇಕೋ ಮುಂದುವರಿಸಬೇಕೋ ಎಂಬ ಗೊಂದಲದಲ್ಲಿ 1996ರಲ್ಲಿ ಅಲಮೋಸಾಕ್ಕೆ ಬಂದ ಹುಡುಗಿ. ನಿವೃತ್ತರಾದ ಮೇಷ್ಟ್ರು ಅವರನ್ನು ಪುರುಷರ ಗುಂಪಿನ ಜೊತೆ ಓಡಿಸಿದರು. ಮುಂದೆ ಮದುವೆಯಾಗಿ ಡೀನಾ ಕ್ಯಾಸ್ಟರ್ ಎಂದು ಹೆಸರಾದವರು ಇವರೇ.

2001ರಲ್ಲಿ ಇಬ್ಬರು ಕೋಚ್‌ಗಳೂ ಸೇರಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಲೇಕ್ಸ್‌ನಲ್ಲಿ ಒಂದು ತಂಡ ಕಟ್ಟಿದರು. ಕಾಲೇಜು ಮುಗಿಸಿದವರಿಗೆ ಮತ್ತೆ ಕಾಲೇಜಿನ ತಂಡದಂಥ ಆಸರೆ. ಜಾಗದ ಆಯ್ಕೆಯಲ್ಲೂ ಲೆಕ್ಕ ಇತ್ತು. ಎತ್ತರದಲ್ಲಿದ್ದರೆ ರಕ್ತದಲ್ಲಿ ಕೆಂಪು ಕಣ ಹೆಚ್ಚುತ್ತದೆ ನಿಜ, ಆದರೆ ಅಲ್ಲಿ ವೇಗವಾಗಿ ಓಡಲು ಆಗದೆ ಕಾಲು ವೇಗ ಮರೆಯುತ್ತದೆ. 1997ರಲ್ಲಿ ಬೆಂಜಮಿನ್ ಲೆವಿನ್ ಮತ್ತು ಜೇಮ್ಸ್ ಸ್ಟ್ರೇ-ಗುಂಡರ್ಸನ್ ಎಂಬ ಸಂಶೋಧಕರು ಇದಕ್ಕೆ ಉತ್ತರ ತೋರಿಸಿದ್ದರು. 2,500 ಮೀಟರ್ ಎತ್ತರದಲ್ಲಿ ಮಲಗಿ, 1,250 ಮೀಟರ್‌ಗೆ ಇಳಿದು ಅಭ್ಯಾಸ ಮಾಡಿದ ಓಟಗಾರರು 5,000 ಮೀಟರ್‌ನಲ್ಲಿ ಸರಾಸರಿ 13 ಸೆಕೆಂಡ್ ಬೇಗ ಓಡಿದರು. ಮ್ಯಾಮತ್ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಅಲ್ಲಿಂದ ಒಂದು ಗಂಟೆಯೊಳಗೆ ಕಾರಿನಲ್ಲಿ ಇಳಿದರೆ ಬಿಷಪ್ ಎಂಬ ಊರು, ಸುಮಾರು 1,250 ಮೀಟರ್. ಮೇಲೆ ಮನೆ, ಕೆಳಗೆ ವೇಗದ ಓಟ.

ಭಾರತದ ಓಟಗಾರರೂ ಈಗ ಇದೇ ಕಾರಣಕ್ಕೆ ಊಟಿಗೂ ಕೊಲೊರಾಡೊಗೂ ಹೋಗುತ್ತಾರೆ. ಸ್ಟೀಪಲ್‌ಚೇಸ್‌ನ, ಅಂದರೆ ಅಡೆತಡೆ ಹಾರಿ ಓಡುವ ಸ್ಪರ್ಧೆಯ, ಅವಿನಾಶ್ ಸಾಬ್ಳೆ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಅಭ್ಯಾಸ ಮಾಡಿದವರು.

2004ರ ಆಗಸ್ಟ್ 22, ಅಥೆನ್ಸ್. ಸಂಜೆ ಆರಕ್ಕೆ ಓಟ ಶುರು. ಆದರೂ ಬಿಸಿಲಿನ ಕಾವು 35 ಡಿಗ್ರಿ. ದಾರಿ ಮ್ಯಾರಥಾನ್ ಊರಿನಿಂದ, ಸುಮಾರು ಹತ್ತನೇ ಕಿಲೋಮೀಟರ್‌ನಿಂದ ಮುಕ್ಕಾಲು ಪಾಲು ದೂರದವರೆಗೆ ಹೆಚ್ಚಾಗಿ ಏರು. ಶುರುವಿಗೆ ಮೊದಲು ಕ್ಯಾಸ್ಟರ್ ಮೈಮೇಲೆ ಮಂಜುಗಡ್ಡೆ ತುಂಬಿದ ಅಂಗಿ ಇತ್ತು, ರಕ್ತ ಬೇಗ ಬಿಸಿಯಾಗದಿರಲಿ ಎಂದು. ಮೊದಲ ಕಿಲೋಮೀಟರ್‌ಗಳಲ್ಲಿ ಅವರು ಎಷ್ಟೋ ಹಿಂದಿದ್ದರು. ಬೇಕೆಂದೇ ಹಿಂದಿದ್ದರು. ವಿಶ್ವದಾಖಲೆಯ ಪೌಲಾ ರ‍್ಯಾಡ್‌ಕ್ಲಿಫ್ 36 ಕಿಲೋಮೀಟರ್ ಹೊತ್ತಿಗೆ ರಸ್ತೆ ಬದಿಯಲ್ಲಿ ನಿಂತುಬಿಟ್ಟರು. ಕ್ಯಾಸ್ಟರ್ ಒಬ್ಬೊಬ್ಬರನ್ನೇ ದಾಟುತ್ತಾ, ಕೊನೆಗೆ ಹಳೆಯ ಅಮೃತಶಿಲೆಯ ಕ್ರೀಡಾಂಗಣದೊಳಗೆ ಮೂರನೆಯವರಾಗಿ ಬಂದರು. 2 ಗಂಟೆ 27 ನಿಮಿಷ 20 ಸೆಕೆಂಡ್. 1984ರಲ್ಲಿ ಜೋನ್ ಬೆನಾಯ್ಟ್ ಗೆದ್ದ ಚಿನ್ನದ ನಂತರ ಅಮೆರಿಕದ ಮಹಿಳೆಗೆ ಸಿಕ್ಕ ಮೊದಲ ಮ್ಯಾರಥಾನ್ ಪದಕ ಅದು. ಒಂದು ವಾರ ಕಳೆದು ಮೆಬ್ ಬೆಳ್ಳಿ ತಂದರು. ಪುರುಷರಲ್ಲಿ 1976ರ ನಂತರ ಮೊದಲನೆಯದು.

ಆ ಸಂಜೆಗೆ ವಿಹಿಲ್ ಅವರಿಗೆ 74 ವರ್ಷ. ಅಷ್ಟಕ್ಕೂ ನಿಲ್ಲಿಸಲಿಲ್ಲ. 2013ರ ಮಾಸ್ಕೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 800 ಮೀಟರ್ ಓಡಿದ ಬ್ರೆಂಡಾ ಮಾರ್ಟಿನೆಜ್ ಕೂಡ ಅವರ ಶಿಷ್ಯೆಯೇ. ಮಾರ್ಟಿನೆಜ್ ನಾಲ್ಕನೆಯವರಿಗಿಂತ ಬರೀ 0.04 ಸೆಕೆಂಡ್ ಮುಂದೆ ಗೆರೆ ದಾಟಿದರು. ಎರಡನೆಯವರು ಮುಂದೆ ಉದ್ದೀಪನ ಮದ್ದಿನ ಕಾರಣಕ್ಕೆ ಅನರ್ಹರಾಗಿ, ಕಂಚು ಬೆಳ್ಳಿಯಾಯಿತು. ಅಲಮೋಸಾದ ಹೈಸ್ಕೂಲಿನಲ್ಲಿ ಪಾಠ ಶುರು ಮಾಡಿದ್ದ ಮೇಷ್ಟ್ರಿಗೆ ಆಗ 83.